ಮಾಬೂಬಿಯ ಚೀಜು

ಮಾಬೂಬಿ ಅಡಿಗೆಯನ್ನು ಕಿವಿಯಿಂದ ಮಾಡುತ್ತಿದ್ದಳು. ಚಿಕ್ಕಂದಿನಲ್ಲಿ ಸಿಡುಬು ಬಂದು ಒಂದು ಕಣ್ಣು ಹೋಗಿತ್ತು, ಇನ್ನೊಂದು ಒಲೆಯ ಹೊಗೆಗೆ ಮಂಜಾಗಿತ್ತು. ಬೇಳೆ ಬೆಂದಿತೋ ಇಲ್ಲವೋ ಎಂದು ಆಕೆ ಬಗ್ಗಿ ನೋಡಿದ್ದನ್ನು ನಾನು ಕಂಡಿಲ್ಲ. ತಲೆಯ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿ, ಗಡಿಗೆಯ ಕಡೆ ತಲೆ ವಾಲಿಸಿ, ಉಸಿರು ಬಿಗಿಹಿಡಿದು ಕೇಳುವಳು. "ಇನ್ನೂ ಗೊಣಗಾಕತ್ತೈತಿ, ಬೆಂದಿಲ್ಲ," ಎನ್ನುವಳು. ನಾನು ನಡುವೆ ಬಾಯಿ ಹಾಕಿದರೆ ಕೈ ಎತ್ತಿ ತಡೆಯುವಳು. "ತಡಿ ಗಂಗವ್ವಾ, ಅದರ ಮಾತು ಮುಗೀಲಿ."

ನಾನು ಆಗ ಬಾಗಲಕೋಟೆಯ ಮಿಶನ್ ದವಾಖಾನೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ, ಬಂದವರ ಹೆಸರು ಬರೆದುಕೊಳ್ಳುವ ಕೆಲಸಕ್ಕಿದ್ದೆ. ಪ್ಲೇಗಿನಲ್ಲಿ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದೆ. ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿತ ನಾಲ್ಕಕ್ಷರ ಕೈಹಿಡಿದಿದ್ದವು. ದವಾಖಾನೆ ನಡೆಸುತ್ತಿದ್ದವರು ಅಮೆರಿಕದಿಂದ ಬಂದ ಹೆಣ್ಣುಮಗಳು. ಊರ ಮಂದಿಯೆಲ್ಲ ಅವರನ್ನು ಡಾಕ್ಟರ್‌ಬಾಯಿ ಎನ್ನುತ್ತಿದ್ದರು. ಧಾರವಾಡದಲ್ಲಿ ಯಾರೋ ಶಾಸ್ತ್ರಿಗಳ ಹತ್ತಿರ ಕನ್ನಡ ಕಲಿತು ಬಂದಿದ್ದರಂತೆ. ಬಾವು ಕೊಯ್ಯುವಾಗ ಚೀರುತ್ತಿದ್ದವನಿಗೂ "ತಾವು ದಯಮಾಡಿ ಸ್ಥಿರವಾಗಿ ಕುಳಿತುಕೊಳ್ಳಿರಿ" ಎನ್ನುವರು. ಅದನ್ನು "ಸುಮ್ನ ಕುಂದರೋ" ಎಂದು ಹೇಳುವ ಕೆಲಸವೂ ನನ್ನದೇ ಆಗಿತ್ತು.

ಮಾಬೂಬಿ ಅವರ ಬಂಗಲೆಯ ಅಡಿಗೆಯವಳು. ಇಳಕಲ್ಲಿನ ನೇಕಾರರ ಮನೆಯ ಮಗಳು, ಗಂಡ ಸತ್ತ ಮೇಲೆ ಯಾರಿಗೂ ಭಾರವಾಗಬಾರದೆಂದು ಬಾಗಲಕೋಟೆಗೆ ಬಂದು ಈ ಕೆಲಸ ಹಿಡಿದಿದ್ದಳು. ಕೆಲಸಕ್ಕೆ ಸೇರಿದ ದಿನವೇ ಒಂದು ಮಾತು ಹೇಳಿದಳು. "ಬಾಯಿಸಾಬ್ರ, ಕೋಳಿ, ಕುರಿ, ತತ್ತಿ, ನೀವು ಏನ್ ಅಂತೀರಿ ಅದನ್ನ ಮಾಡಿ ಹಾಕ್ತೇನಿ. ಆದ್ರ ಹಂದಿ ಈ ಒಲಿಗೆ ಬರಬಾರ್ದು. ಬಂದ ದಿವಸ ನಾ ಹೋಗ್ತೇನಿ."

"ಆಗಲಿ. ನಾನು ವಚನ ಕೊಟ್ಟಿದ್ದೇನೆ," ಎಂದರು ಡಾಕ್ಟರ್‌ಬಾಯಿ.

ಮಧ್ಯಾಹ್ನ ರೋಗಿಗಳ ಗದ್ದಲ ಮುಗಿದ ಮೇಲೆ ನಾವು ಮೂವರೂ ಅಡಿಗೆಮನೆಯ ಹತ್ತಿರ ಸೇರುತ್ತಿದ್ದೆವು. ಡಾಕ್ಟರ್‌ಬಾಯಿ ಬೆತ್ತದ ಕುರ್ಚಿಯಲ್ಲಿ, ನಾನು ಹೊಸ್ತಿಲ ಮೇಲೆ, ಮಾಬೂಬಿ ಒಲೆಯ ಮುಂದೆ. ಡಾಕ್ಟರ್‌ಬಾಯಿಯ ಮಾತು ಯಾವ ಕಡೆ ಹೊರಟರೂ ಕೊನೆಗೆ ಅವರ ಅಪ್ಪನ ಅಂಗಡಿಗೆ ಹೋಗಿ ನಿಲ್ಲುತ್ತಿತ್ತು. ಅವರ ಅಪ್ಪ ಎಳೆಯ ವಯಸ್ಸಿನಲ್ಲಿ ಹಾಲೆಂಡ್ ದೇಶದಿಂದ ಹಡಗು ಹತ್ತಿ ಅಮೆರಿಕಕ್ಕೆ ಹೋದವರು. ಅಲ್ಲಿ ಒಂದು ಬಂದರಿನ ಊರಲ್ಲಿ ಯುರೋಪಿನ ತಿನಿಸುಗಳ ಅಂಗಡಿ ಇಟ್ಟಿದ್ದರು. ಕೆಂಪು ಮೇಣ ಬಳಿದ ಡಚ್ ಚೀಸ್, ಇಟಲಿಯ ಎಣ್ಣೆ, ಉಪ್ಪುನೀರಿನಲ್ಲಿ ಹಾಕಿದ ಹಸಿರು ಕಾಯಿ, ಜರ್ಮನಿಯ ಕರಿಯ ರೊಟ್ಟಿ, ಸ್ವಿಟ್ಜರ್ಲೆಂಡಿನ ಚಾಕಲೇಟು, ಇಂಗ್ಲೆಂಡಿನ ಕಿತ್ತಳೆ ಸಿಪ್ಪೆಯ ಮುರಬ್ಬ, ಫ್ರಾನ್ಸಿನ ದ್ರಾಕ್ಷಿಯ ರಸ.

"ದ್ರಾಕ್ಷೀ ರಸ ಅಂದ್ರ ಸೆರೆ ಏನ್ರಿ?" ಎಂದಳು ಮಾಬೂಬಿ.

ಡಾಕ್ಟರ್‌ಬಾಯಿಯ ಮುಖ ಕೆಂಪಾಯಿತು. "ಅಪ್ಪ ಮಾರುತ್ತಿದ್ದರು. ನಾನು ಮುಟ್ಟುತ್ತಿರಲಿಲ್ಲ."

"ಇರ್ಲಿ ಬಿಡ್ರಿ. ಅಲ್ರಿ ಬಾಯಿಸಾಬ್ರ, ಇಷ್ಟೆಲ್ಲಾ ಹಡಗದಾಗ ತರಸ್ಬೇಕಂದ್ರ, ನಿಮ್ಮ ಅಮೆರಿಕಾದಾಗ ತಿನ್ನಾಕ ಏನೂ ಬೆಳಿಯೂದಿಲ್ಲೇನು?"

"ಎಲ್ಲವೂ ಬೆಳೆಯುತ್ತದೆ ಮಾಬೂಬಿ. ಆದರೆ ಅಲ್ಲಿ ಇರುವವರೆಲ್ಲ ಬೇರೆ ಎಲ್ಲಿಂದಲೋ ಬಂದವರು. ಶನಿವಾರ ಸಂಜೆ ಅಪ್ಪನ ಅಂಗಡಿಗೆ ಬರುತ್ತಿದ್ದರು. ಇಟಲಿಯವಳು ಎಣ್ಣೆಯ ಮುಚ್ಚಳ ತೆಗೆಸಿ ಮೂಸಿ ನೋಡುವಳು. ಜರ್ಮನಿಯವನು ರೊಟ್ಟಿಯನ್ನು ಎದೆಗೆ ಹಿಡಿದುಕೊಂಡು ಹೋಗುವನು. ಮನೆಯಲ್ಲಿ ಉಣ್ಣಲಿಕ್ಕೆ ಬೇಕಾದಷ್ಟು ಇರುತ್ತಿತ್ತು. ಆದರೂ ಬರುವರು."

ಮಾಬೂಬಿ ಒಲೆಯ ಕಡೆ ತಿರುಗಿ ಕಟ್ಟಿಗೆ ಒಳಗೆ ತಳ್ಳಿದಳು.

ಆಕೆ ಯಾಕೆ ಮುಖ ತಿರುಗಿಸಿದಳೆಂದು ನನಗೆ ಗೊತ್ತಿತ್ತು. ಇಳಕಲ್ಲಿನಲ್ಲಿ ಆಕೆಯ ತಮ್ಮ ಇಮಾಮಸಾಬ ಇದ್ದ. ತಾಯಿ ಸತ್ತ ಮೇಲೆ ಆಕೆಯೇ ಎತ್ತಿ ಆಡಿಸಿ ಬೆಳೆಸಿದ ತಮ್ಮ. ಅಕ್ಕ ಗೋರಾ ಮಂದಿಯ ಬಂಗಲೆಯಲ್ಲಿ ಅಡಿಗೆಗೆ ನಿಂತದ್ದೇ, "ಅಲ್ಲಿ ಏನೇನ್ ಬೇಯಿಸ್ತಾರೋ ಯಾರ್ ನೋಡ್ಯಾರ," ಎಂದು ಓಣಿಯವರು ಆಡಿಕೊಂಡರು. ಆತ ಆ ಮಾತನ್ನು ನಂಬಿದ. ಆತನ ಹಿರಿಯ ಮಗಳ ಮದುವೆಗೆ ಮಾಬೂಬಿ ಹುನಗುಂದದ ಮೇಲಿಂದ ಎರಡು ದಿನ ಚಕ್ಕಡಿಯಲ್ಲಿ ಕುಳಿತು ಹೋದಳು. ಹೋದವಳೇ ತೋಳು ಏರಿಸಿ ಒಲೆಯ ಮುಂದೆ ಕೂರಲು ಹೊರಟರೆ, ತಮ್ಮ ಅಡ್ಡ ಬಂದು ನಿಂತನಂತೆ. "ಅಕ್ಕಾ, ನೀ ಪಡಸಾಲಿಯಾಗ ಕುಂದರು. ನಿನ್ನ ಕೈಲೆ ಮಾಡಿದ್ದು ಬೀಗರು ಉಣ್ಣೂದಿಲ್ಲ." ಆಕೆ ಹುಡುಗಿಯ ತಲೆಯ ಮೇಲೆ ಕೈಯಿಟ್ಟು ಅದೇ ದಿನ ಹೊರಳಿ ಬಂದಳು. ನನಗೆ ಇದನ್ನು ಹೇಳಿದ್ದು ಎಷ್ಟೋ ತಿಂಗಳ ಮೇಲೆ, ಹೇಳಿ ಕೊನೆಗೆ ಅಂದದ್ದು ಇಷ್ಟೇ: "ಆ ಮನಿಯಾಗ ಒಲಿ ಹೂಡಿದಾಕಿ ನಾ, ಗಂಗವ್ವಾ."

ಒಂದು ವರ್ಷ ಮಳೆಗಾಲ ಮುಗಿಯುತ್ತ ಬಂದಾಗ ಡಾಕ್ಟರ್‌ಬಾಯಿಗೆ ಅಪ್ಪನಿಂದ ಒಂದು ಪೆಟ್ಟಿಗೆ ಬಂತು. ಅಮೆರಿಕದಿಂದ ಮುಂಬೈಗೆ ಹಡಗಿನಲ್ಲಿ, ಅಲ್ಲಿಂದ ಹೋಟಗಿ ಮಾರ್ಗವಾಗಿ ರೈಲಿನಲ್ಲಿ. ಸ್ಟೇಶನ್ನಿನಿಂದ ಹಮಾಲ ತಲೆಯ ಮೇಲೆ ಹೊತ್ತು ತಂದ. ಡಾಕ್ಟರ್‌ಬಾಯಿ ರೋಗಿಗಳನ್ನು ಕೂರಿಸಿ ಬಂದವರೇ ತಾವೇ ಮೊಳೆ ಕಿತ್ತರು. ಅಷ್ಟು ಅವಸರ ಮಾಡಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಮುಚ್ಚಳ ತೆಗೆದದ್ದೇ ನಾವು ಮೂವರೂ ಹಿಂದೆ ಸರಿದೆವು. ಚೀಸು ಹಡಗಿನ ಕಾವಿಗೆ ಕರಗಿ, ಕೆಂಪು ಮೇಣ ಒಡೆದು, ಒಳಗೆಲ್ಲ ಹುಳ ಬಿದ್ದಿತ್ತು. ಚಾಕಲೇಟು ಬೂಷ್ಟು ಹಿಡಿದಿತ್ತು. ಕಾಯಿಯ ಭರಣಿ ಒಡೆದಿತ್ತು. ಕೆಡದೆ ಉಳಿದದ್ದು ಬಟ್ಟೆಯಲ್ಲಿ ಹೊಲಿದ ಒಂದೇ ಗಂಟು. ಡಾಕ್ಟರ್‌ಬಾಯಿ ಅದನ್ನು ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದರು. ಹೊಗೆ ಕೊಟ್ಟ ಹಂದಿಯ ತೊಡೆ ಅದು. ಮಗಳಿಗೆ ಬಹಳ ಇಷ್ಟವೆಂದು ಮುದುಕ ಕಳಿಸಿದ್ದ.

ಮಾಬೂಬಿಗೆ ಯಾರೂ ಹೇಳಬೇಕಾಗಲಿಲ್ಲ, ಹೊಗೆ ಹಿಡಿದ ಮಾಂಸದ ವಾಸನೆಯೇ ಹೇಳಿತು. ಬಾಗಿಲಲ್ಲಿ ನಿಂತುಬಿಟ್ಟಳು. ಡಾಕ್ಟರ್‌ಬಾಯಿ ಒಮ್ಮೆ ಆಕೆಯ ಕಡೆ ನೋಡಿದರು. ಆಮೇಲೆ ಹಮಾಲನನ್ನೇ ಕರೆದು, "ಇದನ್ನು ರೇಲ್ವೆ ಬಂಗಲೆಯ ಸಾಹೇಬರಿಗೆ ಕೊಟ್ಟು ಬಾ. ನನ್ನ ನಮಸ್ಕಾರ ತಿಳಿಸು," ಎಂದರು. ಗಂಟು ಹೊಲಿಗೆ ಬಿಚ್ಚದೆಯೇ ಹೋಯಿತು. ಹುಳ ಬಿದ್ದ ಚೀಸನ್ನು ತಾವೇ ಹಿತ್ತಲಿಗೆ ಒಯ್ದು ಹುಗಿದು, ಕೈ ತೊಳೆದುಕೊಂಡು, ರೋಗಿಗಳ ಹತ್ತಿರ ಹೋದರು. ಪಟ್ಟಿ ಕಟ್ಟುತ್ತಿದ್ದ ನನಗೆ ಮಾತ್ರ ಅವರ ಒದ್ದೆ ಕಣ್ಣು ಕಂಡಿತು.

ಮರುದಿನ ಮಾಬೂಬಿ ಕೇಳಿದಳು. "ಆ ಚೀಜ್ ಹೆಂಗ್ ಮಾಡ್ತಾರ ಹೇಳ್ರಿ."

"ಯಾವ ಚೀಸ್?"

"ಅದನ್ನ ನಾ ಮೊದ್ಲಿಂದ ಕೇಳಾಕತ್ತೇನಿ. ನಮ್ಮ ಮಾತಿನ್ಯಾಗ ಚೀಜ್ ಅಂದ್ರ ಸಾಮಾನು. ನೀವು ಬರೇ ಸಾಮಾನು ಸಾಮಾನು ಅಂತೀರಿ, ಹೆಸರು ಹೇಳೂದಿಲ್ಲ."

ಡಾಕ್ಟರ್‌ಬಾಯಿ ನಕ್ಕರು. ಪೆಟ್ಟಿಗೆ ಬಂದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಅಂದಿನಿಂದ ಅದರ ಹೆಸರು ನಮ್ಮಲ್ಲಿ ಚೀಜು ಎಂದೇ ಆಯಿತು.

ಮಾಡುವ ಬಗೆ ಡಾಕ್ಟರ್‌ಬಾಯಿಗೆ ಪೂರ್ತಿ ಗೊತ್ತಿರಲಿಲ್ಲ. ಅವರು ಮಾರುವವರ ಮಗಳೇ ಹೊರತು ಮಾಡುವವರ ಮಗಳಲ್ಲ. ನೆನಪಿದ್ದಷ್ಟು ಹೇಳಿದರು: ಹಾಲು ಗಟ್ಟಿಯಾಗಬೇಕು, ನೀರು ಇಳಿಯಬೇಕು, ಉಪ್ಪು ತಿಕ್ಕಬೇಕು, ತಂಪಿನ ಜಾಗದಲ್ಲಿ ತಿಂಗಳಾನುಗಟ್ಟಲೆ ಮಲಗಬೇಕು. ಮಾಬೂಬಿ ತಾನು ಕಣ್ಣಿಂದ ಕಂಡಿರದ, ನಾಲಿಗೆಗೆ ತಾಗಿಸದ ಪದಾರ್ಥವನ್ನು ಬರೀ ಕೇಳಿ ಮಾಡಲು ಕುಳಿತಳು. ಎಮ್ಮೆಯ ಹಾಲಿಗೆ ಲಿಂಬೆ ಹಿಂಡಿದಳು, ಪುಡಿಪುಡಿಯಾಯಿತು. ಮೊಸರು ಕಟ್ಟಿ ತೂಗಹಾಕಿದಳು, ಚಕ್ಕಾ ಆಯಿತು. "ಇದನ್ನ ಸಕ್ರಿ ಹಾಕಿ ತಿಂದ್ರ ಮುಗೀತು. ಇದಕ್ಕ ನಿಮ್ಮಪ್ಪ ಅಂಗಡಿ ಯಾಕ್ ಇಡ್ತಿದ್ದ?" ಎಂದು ಬೈದುಕೊಂಡಳು.

ಉಪಾಯ ಹೊಳೆದದ್ದು ಕಸಾಯಿಯ ಅಂಗಡಿಯಲ್ಲಿ. ಹಾಲು ಕುಡಿಯುವ ಆಡಿನ ಮರಿಯೊಂದು ಬಂಡಿಯ ಗಾಲಿಗೆ ಸಿಕ್ಕು ಕಾಲು ಮುರಿದುಕೊಂಡಿತ್ತು, ಅದನ್ನು ಕೊಯ್ದಿದ್ದರು. ಅದರ ಹೊಟ್ಟೆಯೊಳಗೆ ಕುಡಿದ ಹಾಲು ಗಟ್ಟಿಯಾಗಿ ಉಂಡೆಗಟ್ಟಿತ್ತು. ಮಾಬೂಬಿ ಓಡುತ್ತ ಬಂದು ಹೇಳಿದಾಗ ಡಾಕ್ಟರ್‌ಬಾಯಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು. "ನನಗೆ ಗೊತ್ತಿತ್ತು. ಹಾಲು ಗಟ್ಟಿಯಾಗಲು ಅಲ್ಲಿ ಕರುವಿನ ಹೊಟ್ಟೆಯ ತುಂಡು ಹಾಕುತ್ತಾರೆ. ಈ ಊರಲ್ಲಿ ಅದನ್ನು ಹೇಳಲು ನನಗೆ ಧೈರ್ಯ ಆಗಲಿಲ್ಲ."

"ಕರು ಬ್ಯಾಡ. ಆಡು ಸಾಕು," ಎಂದಳು ಮಾಬೂಬಿ.

ದೀಪಾವಳಿಯ ಹೊತ್ತಿಗೆ ಒಂದು ಚೀಜು ತಯಾರಾಯಿತು. ಬೀಸುಕಲ್ಲಿನ ಕೆಳಗಿಟ್ಟು ನೀರು ಇಳಿಸಿದ, ಉಪ್ಪು ತಿಕ್ಕಿ ಬಟ್ಟೆ ಸುತ್ತಿದ, ರೊಟ್ಟಿಯಷ್ಟು ಅಗಲದ ಬಿಳಿಯ ಗುಂಡು. ತಂಪಿನ ಜಾಗ ಒಂದೇ ಸಿಗಲಿಲ್ಲ. ಬಂಗಲೆಯ ಒಳಗೆ ಇರುವೆ, ಹೊರಗೆ ಬಿಸಿಲು.

"ನಿಮ್ಮ ಮನಿಯಾಗ ಹಗೇವು ಖಾಲಿ ಐತಲ್ಲ?" ಎಂದು ಮಾಬೂಬಿ ನನ್ನನ್ನು ಕೇಳಿದಳು.

ಜೋಳ ತುಂಬುವ ನೆಲದೊಳಗಿನ ಆ ಕಣಜ ಎರಡು ವರ್ಷದಿಂದ ಖಾಲಿ ಇದ್ದದ್ದು ನಿಜ. ಆದರೆ ನಮ್ಮದು ದಿನಾ ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದ ಮನೆ. ನಮ್ಮವ್ವ ಉಳ್ಳಾಗಡ್ಡಿಯ ಸಿಪ್ಪೆಯನ್ನೂ ಒಳಗೆ ಬಿಡುತ್ತಿರಲಿಲ್ಲ. ಆಡಿನ ಹೊಟ್ಟೆ ಬಿದ್ದ ಪದಾರ್ಥವನ್ನು ಅಲ್ಲಿ ಇಡುವುದೇ? ಆದರೂ ಬೇಡ ಎನ್ನಲು ಆಗಲಿಲ್ಲ. ಅವ್ವ ಮಠಕ್ಕೆ ಹೋದ ಹೊತ್ತು ನೋಡಿ ಇಬ್ಬರೂ ಕೂಡಿ ಕಲ್ಲು ಸರಿಸಿ, ಬುಟ್ಟಿಯಲ್ಲಿಟ್ಟು ಹಗ್ಗದಿಂದ ಇಳಿಬಿಟ್ಟೆವು.

ಒಂದೂವರೆ ತಿಂಗಳ ಮೇಲೆ ವಾಸನೆ ಮೇಲಕ್ಕೆ ಬಂತು. ಇಲಿ ಸತ್ತಿರಬೇಕೆಂದು ಅವ್ವ ಆಳು ಕರೆಸಿ ಕಲ್ಲು ತೆಗೆಸಿದಳು. ಬುಟ್ಟಿ ಮೇಲೆ ಬಂತು.

"ಏನವ್ವಾ ಇದು?" ಎಂದು ಅವ್ವ ನನ್ನನ್ನು ಕೇಳಿದಳು.

"ಡಾಕ್ಟರ್‌ಬಾಯಿ ಔಷಧ," ಎಂದೆ.

ಅವ್ವನ ಕಣ್ಣಿನ ಪೊರೆ ತೆಗೆದವರು ಡಾಕ್ಟರ್‌ಬಾಯಿ. ಔಷಧ ಎಂದ ಕೂಡಲೇ ಅವ್ವ ಸೆರಗಿನಿಂದ ಬುಟ್ಟಿ ಒರೆಸಿ, ಮತ್ತೆ ಒಳಗೆ ಇಳಿಸಿದಳು. ಗೆದ್ದೆನೆಂದು ನಾನು ಮಾಬೂಬಿಗೆ ನಗುತ್ತ ಹೇಳಿದೆ. ಆಕೆ ನಗಲಿಲ್ಲ.

"ಹೆತ್ತಾಕಿಗೆ ಸುಳ್ಳು ಹೇಳಿದೇನು? ಯಾರರ ನನಗ ಹಂದಿ ತಿನಿಸಿ ಕುರಿ ಅಂತ ಹೇಳಿದ್ರ ನನ್ನ ಗತಿ ಏನು?"

ಅಂದೇ ಸಂಜೆ ನಮ್ಮ ಅಂಗಳಕ್ಕೆ ಬಂದಳು. ಮೆಟ್ಟಿಲು ಹತ್ತಲಿಲ್ಲ, ಕೆಳಗೇ ನಿಂತು ಕೈಮುಗಿದಳು. "ಯವ್ವಾ, ಅದು ಔಷಧ ಅಲ್ರಿ. ತಿನ್ನೂದು. ಅದರಾಗ ಆಡಿನ ಮರಿ ಹೊಟ್ಟಿ ಐತಿ. ನಿಮ್ಮ ಮಗಳದು ತಪ್ಪಿಲ್ಲ, ನಾನ ಇಡಸೇನಿ. ಬಾಯಿಸಾಬ್ರು ನನ್ನ ಸಲುವಾಗಿ ತಮ್ಮ ಅಪ್ಪ ಕಳಿಸಿದ್ದನ್ನ ತಿನ್ನಲಾರದ ಬಿಟ್ರು. ಅದಕ್ಕ ಇದನ್ನ ಮಾಡೇನಿ."

ಅವ್ವ ಕಟ್ಟೆಯ ಮೇಲೆ ಕುಳಿತಳು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ.

"ಇನ್ನ ಎಷ್ಟ ದಿನಾ ಬೇಕು?" ಎಂದಳು ಅವ್ವ.

"ಹದಿನೈದು ದಿನಾ ಸಿಕ್ರ ಭಾಳ ಆತ್ರಿ."

"ಹದಿನೈದು ದಿನಾ ನಾ ಆ ಕಡೆ ಕಾಲಿಡೂದಿಲ್ಲ. ಹದಿನಾರನೇ ದಿನಾ ಅದು ಹೊರಗ ಹೋಗಿರಬೇಕು, ಹಗೇವಿಗೆ ಸುಣ್ಣ ಆಗಿರಬೇಕು." ಎದ್ದು ಒಳಗೆ ಹೊರಟವಳು ತಿರುಗಿದಳು. "ಬಂದು ಖರೆ ಹೇಳಿದಿ. ಈಕಿಗೂ ಅಷ್ಟು ಕಲಿಸು."

ಆ ಹದಿನೈದು ದಿನದೊಳಗೆ ಅಮೆರಿಕದಿಂದ ಕಾಗದ ಬಂತು. ಡಾಕ್ಟರ್‌ಬಾಯಿಯ ಅಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು. ಅಂಗಡಿ ಬೇರೆಯವರ ಪಾಲಾಗಿತ್ತು. ಡಾಕ್ಟರ್‌ಬಾಯಿ ಒಂದು ದಿನವೂ ದವಾಖಾನೆ ತಪ್ಪಿಸಲಿಲ್ಲ, ಆದರೆ ಊಟದ ತಟ್ಟೆ ಹೋದ ಹಾಗೆಯೇ ಹಿಂದೆ ಬರತೊಡಗಿತು. ಮಾಬೂಬಿ ಕೋಳಿಯ ಸಾರು ಕಳಿಸಿದಳು, ಹಾಲು ಕಳಿಸಿದಳು. ಎಲ್ಲ ತಣ್ಣಗಾಗಿ ಬರುತ್ತಿತ್ತು.

ಹದಿನಾರನೆಯ ದಿನ ಆಕೆ ಚೀಜು ಹೊತ್ತುಕೊಂಡು ಹೋಗಿ ಡಾಕ್ಟರ್‌ಬಾಯಿಯ ಮುಂದೆ ಇಟ್ಟಳು. ನಾನೂ ಹೋಗಿದ್ದೆ. ಮೇಲೆ ಬೂದು ಬಣ್ಣದ ಗಟ್ಟಿ ತೊಗಟೆ ಕಟ್ಟಿತ್ತು. ಮಾಬೂಬಿ ಬೆರಳಿನಿಂದ ಅದನ್ನು ತಟ್ಟಿ ಕೇಳಿ, "ಆಗೈತಿ, ಕೊಯ್ರಿ," ಎಂದಳು.

ಡಾಕ್ಟರ್‌ಬಾಯಿ ಚೂರಿಯಿಂದ ಸಣ್ಣ ತುಂಡು ಕೊಯ್ದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಅಗಿಯುವುದು ನಿಂತಿತು. ಮತ್ತೆ ಶುರುವಾಯಿತು.

"ನಿಮ್ಮಪ್ಪನ ಅಂಗಡೀದು ಇದ ಏನ್ರಿ?" ಎಂದಳು ಮಾಬೂಬಿ.

ಡಾಕ್ಟರ್‌ಬಾಯಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಸಾಯುವ ರೋಗಿಯ ಮುಂದೆಯೂ ಬರುತ್ತಿರಲಿಲ್ಲ. "ಅಲ್ಲ, ಮಾಬೂಬಿ," ಎಂದರು.

ಮಾಬೂಬಿ ತಲೆ ತಗ್ಗಿಸಿದಳು. ಡಾಕ್ಟರ್‌ಬಾಯಿ ಇನ್ನೊಂದು ತುಂಡು ಕೊಯ್ದರು. ಇನ್ನೊಂದು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ತಿನ್ನುತ್ತಲೇ ಇದ್ದರು. ತಿನ್ನುತ್ತಲೇ ಹೇಳಿದರು: "ಅಪ್ಪನ ಅಂಗಡಿಗೆ ಒಬ್ಬ ಡಚ್ ಮುದುಕ ಬರುತ್ತಿದ್ದ. ಪ್ರತಿ ಶನಿವಾರ ಚೀಸಿನ ಚೂರು ತಿಂದು ನೋಡಿ, ಇದು ನಮ್ಮೂರಿನ ಹಾಗಿಲ್ಲ ಎನ್ನುವನು. ಆಮೇಲೆ ಅದನ್ನೇ ಕಟ್ಟಿಸಿಕೊಂಡು ಹೋಗುವನು. ಒಂದು ದಿನ ಅಪ್ಪ ಕೇಳಿದರು, ಹಾಗಿಲ್ಲವಾದರೆ ಯಾಕೆ ಒಯ್ಯುತ್ತೀಯೆಂದು. ಹಾಗಿಲ್ಲ ಎನ್ನಲಿಕ್ಕಾದರೂ ಒಂದು ಬೇಕಲ್ಲ, ಎಂದ."

ಮಾಬೂಬಿ ನೆಲದ ಮೇಲೆ ಕುಳಿತುಬಿಟ್ಟಳು. ಅಂದು ಮೊದಲ ಸಲ ಡಾಕ್ಟರ್‌ಬಾಯಿ ಕುರ್ಚಿ ಬಿಟ್ಟು ಆಕೆಯ ಪಕ್ಕದಲ್ಲಿ ಕೆಳಗೆ ಕುಳಿತರು. ರಾತ್ರಿಯ ತಟ್ಟೆ ಖಾಲಿಯಾಗಿ ಬಂತು.

ನಮ್ಮ ಹಗೇವಿಗೆ ಮಾಬೂಬಿ ತಾನೇ ಬಂದು ಸುಣ್ಣ ಕಲಸಿಕೊಟ್ಟಳು. ಬಂಗಲೆಯ ಹಿತ್ತಲಲ್ಲಿ ಬೇವಿನ ಮರದ ಕೆಳಗೆ ತನ್ನದೇ ಒಂದು ಕುಣಿ ತೋಡಿಸಿಕೊಂಡಳು. ಅಲ್ಲಿಂದ ಮುಂದೆ ಪ್ರತಿ ಚಳಿಗಾಲಕ್ಕೆ ಒಂದು ಚೀಜು ಆಯಿತು. ಪ್ರತಿ ಸಂಕ್ರಾಂತಿಗೆ ಡಾಕ್ಟರ್‌ಬಾಯಿ ತಿಂದು "ಅಲ್ಲ" ಎಂದರು.

ಮಹಾಯುದ್ಧ ಶುರುವಾದ ಮರುವರ್ಷ ಅವರ ಆರೋಗ್ಯ ಕೆಟ್ಟಿತು. ಮಿಶನ್ನಿನವರು ಅವರನ್ನು ಊರಿಗೆ ಕಳಿಸಿದರು. ಸ್ಟೇಶನ್ನಿನಲ್ಲಿ ಗಾಡಿ ಹೋದ ಮೇಲೆಯೂ ಮಾಬೂಬಿ ಹಳಿಯ ಕಡೆ ತಲೆ ವಾಲಿಸಿ ನಿಂತೇ ಇದ್ದಳು, ನಾನೇ ಕೈಹಿಡಿದು ಕರೆತಂದೆ. ಆಮೇಲೆ ಬಂದ ಡಾಕ್ಟರ್ ತಮ್ಮ ಅಡಿಗೆಯವನನ್ನು ತಾವೇ ತಂದರು. ಮಾಬೂಬಿ ದವಾಖಾನೆಯ ರೋಗಿಗಳಿಗೆ ಗಂಜಿ ಕಾಯಿಸಿಕೊಂಡು ಹಿಂದಿನ ಕೋಣೆಯಲ್ಲಿ ಉಳಿದಳು.

ಒಂದೇ ಒಂದು ಕಾಗದ ಬಂತು. ನಾನು ಓದಿದೆ, ಆಕೆ ಕೇಳಿದಳು. ಯುದ್ಧದಿಂದಾಗಿ ಯುರೋಪಿನ ಹಡಗುಗಳು ಈಗ ಅಪರೂಪ, ಅಪ್ಪನ ಆ ಅಂಗಡಿಯ ಕಪಾಟುಗಳು ಖಾಲಿ, ಶನಿವಾರ ಜನ ಬಂದು ಖಾಲಿ ಕಪಾಟು ನೋಡಿ ಹೋಗುತ್ತಾರೆ ಎಂದು ಡಾಕ್ಟರ್‌ಬಾಯಿ ಬರೆದಿದ್ದರು. ಕೊನೆಗೆ: "ಮಾಬೂಬಿಗೆ ಹೇಳಿರಿ. ನಾನು ಇಲ್ಲಿ ಅವಳ ಚೀಜು ಮಾಡಿ ನೋಡಿದೆ. ಅಲ್ಲ." ಮಾಬೂಬಿ ಆ ಸಾಲನ್ನು ಮೂರು ಸಲ ಓದಿಸಿದಳು. ನಗುತ್ತಿದ್ದಾಳೆಂದುಕೊಂಡು ನೋಡಿದರೆ ಸೆರಗು ಕಣ್ಣಿಗೆ ಹೋಗಿತ್ತು.

ಯುದ್ಧ ಮುಗಿಯುವ ಹೊತ್ತಿಗೆ ಇನ್‌ಫ್ಲುಯೆಂಜಾ ಜ್ವರ ಬಂತು. ಇಳಕಲ್ಲಿನಲ್ಲಿ ಇಮಾಮಸಾಬನ ಮನೆಯವರೆಲ್ಲ ಮಲಗಿದ್ದಾರೆ, ನೀರು ಕೊಡಲೂ ಯಾರಿಲ್ಲ ಎಂದು ಸೀರೆ ವ್ಯಾಪಾರಿಯೊಬ್ಬ ಸುದ್ದಿ ತಂದ. ಮಾಬೂಬಿಯನ್ನು ಯಾರೂ ಕರೆದಿರಲಿಲ್ಲ. ಆಕೆ ಒಂದು ಗಂಟಿನಲ್ಲಿ ನುಚ್ಚು ಕಟ್ಟಿಕೊಂಡು ಚಕ್ಕಡಿ ಹತ್ತಿದಳು.

"ಒಲಿ ಮುಟ್ಟಗೊಡದಿದ್ರ ಏನ್ ಮಾಡ್ತಿ ಅಕ್ಕಾ?" ಎಂದೆ.

"ಎದ್ದು ಬಂದು ತಡೀಲಿ. ತಡಿಯಾಕ ಎದ್ದ ಅಂದ್ರ ಆರಾಮ ಆಗ್ಯಾನ ಅಂತ ತಿಳ್ಕೊಂಡು ಹೊಳ್ಳಿ ಬರ್ತೇನಿ."

ಚಕ್ಕಡಿ ಹೊರಟಿತು. ನಾನು ಆಕೆಯನ್ನು ಕಂಡದ್ದು ಅದೇ ಕೊನೆ.

ಊರಲ್ಲಿ ಜ್ವರ ಇಳಿದು, ದವಾಖಾನೆಯಿಂದ ನನಗೆ ಬಿಡುವು ಸಿಕ್ಕು, ನಾನು ಇಳಕಲ್ಲಿಗೆ ಹೋದಾಗ ಎರಡು ತಿಂಗಳು ಕಳೆದಿತ್ತು. ಇಮಾಮಸಾಬ ಮಗ್ಗದ ಪಕ್ಕದಲ್ಲಿ ಗೋಡೆಗೆ ಒರಗಿ ಕುಳಿತಿದ್ದ. ಎಲುಬು ಮಾತ್ರ ಉಳಿದಿದ್ದವು. ಮನೆಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ಎಬ್ಬಿಸಿ ಕೂರಿಸಿ, ಕೊನೆಗೆ ಅಕ್ಕ ಮಲಗಿದಳು, ಮೂರನೆಯ ದಿನ ಹೋದಳು ಎಂದ.

"ಮೊದ್ಲ ದಿನಾ ನಾ ಬಾಯಿ ತೆರೀಲಿಲ್ರಿ. ತಲಿ ಹಿಡದು ಕುಡಸಿದ್ಲು, ಸಣ್ಣವಿದ್ದಾಗ ಕುಡಸಿದಾಂಗ. ಆಮ್ಯಾಲೆ ನಾನ ಕೇಳಿ ಕೇಳಿ ಕುಡಿದ್ನಿ." ಆತ ಮುಖ ಒರೆಸಿಕೊಂಡ. "ಆ ಗಂಜ್ಯಾಗ ಏನೋ ಹಾಕ್ತಿದ್ಲು. ನಮ್ಮ ಹುಡುಗಿ ಮಾಡಿದ್ರ ಆ ರುಚಿ ಬರವಲ್ದು. ನೀವು ಇಷ್ಟು ವರ್ಷ ಕೂಡಿ ಇದ್ದಾಕಿ. ದಿನಾ ಆಕಿ ಕೈದು ಉಂಡಿರಿ. ಏನ್ ಹಾಕ್ತಿದ್ಲು ಹೇಳ್ರಿ."

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷಗಳಲ್ಲಿ ನಾನು ಮಾಬೂಬಿಯ ಕೈಯಡಿಗೆ ಒಂದು ಸಲವೂ ಉಂಡಿರಲಿಲ್ಲ. ಗಂಜಿಯಲ್ಲಿ ಮಾಂಸವಿರಲಿಲ್ಲ, ತತ್ತಿಯಿರಲಿಲ್ಲ, ಆದರೂ ಉಂಡಿರಲಿಲ್ಲ. ಮಧ್ಯಾಹ್ನ ನಾನು ಹೊಸ್ತಿಲ ಮೇಲೆ ಮನೆಯ ಬುತ್ತಿ ಬಿಚ್ಚುವಾಗ ಆಕೆ ಆ ಕಡೆ ಮುಖ ತಿರುಗಿಸಿ, ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದಳು. ನನಗೆ ಸಂಕೋಚವಾಗಬಾರದೆಂದು. ಉಣ್ಣು ಎಂದು ಒಮ್ಮೆಯೂ ಅನ್ನಲಿಲ್ಲ.

ಇಮಾಮಸಾಬನಿಗೆ ಅದನ್ನು ಹೇಳಿದೆ. ಆತ ನನ್ನ ಮುಖವನ್ನೇ ನೋಡಿದ.

ಆತನ ಕಿರಿಯ ಮಗಳು ಒಳಗಿನಿಂದ ಬಂದು, "ಏನರ ತಗೋತೀರೇನ್ರಿ?" ಎಂದು ಅಂಜುತ್ತ ಕೇಳಿದಳು. ನಾನು ಎದ್ದು ಹೋಗಿ ಕೈ ತೊಳೆದುಕೊಂಡು ಬಂದು, ಅವರ ಒಲೆಯ ಮುಂದೆ ಕುಳಿತೆ. ಹುಡುಗಿ ಬಿಸಿರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಉಪ್ಪು ತುಸು ಹೆಚ್ಚಾಗಿತ್ತು. ತಟ್ಟೆಯಲ್ಲಿದ್ದದ್ದನ್ನೆಲ್ಲ ಉಂಡು, ಇನ್ನೊಂದು ರೊಟ್ಟಿ ಕೇಳಿದೆ.